ಮಗುವಿನ ತೊಡೆ ಎಲುಬು: ತೂಕ ಕಟ್ಟುವ ಕಾಲದಿಂದ ಬಾಗುವ ಸರಳಿನವರೆಗೆ

ಕುರುಗೋಡು, ಸಿರುಗುಪ್ಪ ಸೀಮೆಯಲ್ಲಿ ಮಕ್ಕಳ ತೊಡೆ ಎಲುಬು ಮುರಿಯುವ ಕಾರಣಗಳು ಯಾರಿಗೂ ಹೊಸವಲ್ಲ. ಮಾಳಿಗೆಯಿಂದ ಬೀಳುತ್ತಾರೆ, ಹುಣಸೆ ಮರದಿಂದ ಜಾರುತ್ತಾರೆ, ಕೂಲಿಯವರನ್ನು ತುಂಬಿಕೊಂಡು ಹೊಲಕ್ಕೆ ಹೊರಟ ಟ್ರ್ಯಾಕ್ಟರಿನಿಂದ ಉರುಳುತ್ತಾರೆ, ಬೈಕಿಗೆ ಸಿಕ್ಕುತ್ತಾರೆ. ದೇಹದ ಅತಿ ಉದ್ದನೆಯ ಎಲುಬು ಅದು. ಮುರಿದ ಕೂಡಲೇ ಸುತ್ತಲಿನ ದಪ್ಪ ಸ್ನಾಯುಗಳು ಬಿಗಿದುಕೊಂಡು ಎರಡು ತುದಿಗಳನ್ನು ಒಂದರ ಮೇಲೊಂದು ಎಳೆಯುತ್ತವೆ, ಕಾಲು ಗಿಡ್ಡವಾಗುತ್ತದೆ. ಈ ಎಳೆತವನ್ನು ಹತೋಟಿಗೆ ತರುವುದು ಹೇಗೆ ಎಂಬುದೇ ಒಂದೂವರೆ ಶತಮಾನದಿಂದ ವೈದ್ಯರ ಮುಂದಿರುವ ಪ್ರಶ್ನೆ.

ಮೊದಲ ಉತ್ತರಗಳಲ್ಲಿ ಕತ್ತರಿ ಇರಲಿಲ್ಲ. 1852ರಲ್ಲಿ ಡಚ್ ಸೇನಾ ವೈದ್ಯ ಆಂಟೋನಿಯಸ್ ಮ್ಯಾಥೈಸನ್ ಪ್ಲಾಸ್ಟರ್ ಪಟ್ಟಿಯ ವಿಧಾನವನ್ನು ಪ್ರಕಟಿಸಿದ. 1870ರ ದಶಕದಲ್ಲಿ ಇಂಗ್ಲೆಂಡಿನ ಹ್ಯೂ ಓವೆನ್ ಥಾಮಸ್ ರೂಪಿಸಿದ ಉದ್ದನೆಯ ಕಬ್ಬಿಣದ ಚೌಕಟ್ಟು ಇವತ್ತಿಗೂ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಥಾಮಸ್ ಸ್ಪ್ಲಿಂಟ್’ ಎಂಬ ಹೆಸರಿನಲ್ಲೇ ಇದೆ. ಹಸುಗೂಸುಗಳ ಎರಡೂ ಕಾಲುಗಳನ್ನು ಮೇಲೆತ್ತಿ, ಕುಂಡೆ ಹಾಸಿಗೆಯಿಂದ ತುಸು ಎದ್ದಿರುವಂತೆ ತೂಕ ಕಟ್ಟುವ ಬ್ರಯಂಟ್ ವಿಧಾನವೂ ಅದೇ ಕಾಲದ್ದು. ದೊಡ್ಡ ಮಕ್ಕಳಲ್ಲಿ ಅದು ಪಾದದ ರಕ್ತಸಂಚಾರವನ್ನೇ ಕೆಡಿಸಬಲ್ಲುದು ಎಂದು ತಿಳಿದ ಮೇಲೆ ಎರಡು ವರ್ಷದೊಳಗಿನವರಿಗೆ ಸೀಮಿತವಾಯಿತು.

1939ರಲ್ಲಿ ಜರ್ಮನಿಯ ಗೆರ್ಹಾರ್ಡ್ ಕುಂಟ್ಷರ್ ಎಲುಬಿನ ಪೊಳ್ಳಿನೊಳಗೆ ಉಕ್ಕಿನ ಸರಳು ತೂರಿಸಿದ. ದೊಡ್ಡವರ ಚಿಕಿತ್ಸೆ ಬದಲಾಯಿತು. ಮಕ್ಕಳಿಗೆ ಅದನ್ನು ಹಾಗೆಯೇ ಹಾಕುವಂತಿರಲಿಲ್ಲ. ಆ ಸರಳು ಒಳಹೋಗುವ ಸೊಂಟದ ಜಾಗದ ಪಕ್ಕದಲ್ಲೇ ತೊಡೆ ಎಲುಬಿನ ತಲೆಗೆ ರಕ್ತ ಒಯ್ಯುವ ನಾಳಗಳಿವೆ. ಅವಕ್ಕೆ ಪೆಟ್ಟಾದರೆ ಎಲುಬಿನ ತಲೆ ಸತ್ತು ಸೊಂಟವೇ ಹಾಳು. ಹೀಗಾಗಿ ದೊಡ್ಡವರು ಬೇಗ ಎದ್ದು ನಡೆಯತೊಡಗಿದ ಮೇಲೂ ಮಕ್ಕಳು ದಶಕಗಟ್ಟಲೆ ವಾರ್ಡಿನಲ್ಲಿ ಕಾಲಿಗೆ ತೂಕ ಕಟ್ಟಿಸಿಕೊಂಡು ವಾರಗಟ್ಟಲೆ ಮಲಗಿದರು. ಕೂಲಿ ಮಾಡಿ ಉಣ್ಣುವ ಮನೆಯಲ್ಲಿ ಮಗುವಿನ ಜೊತೆ ತಾಯಿಯೂ ವಾರ್ಡಿನಲ್ಲಿ ಉಳಿದರೆ ಏನಾಗುತ್ತದೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಆ ಕಾಲದ ವೈದ್ಯರು ಒಂದು ಸಂಗತಿಯನ್ನು ಚೆನ್ನಾಗಿ ಗಮನಿಸಿದ್ದರು. ಎರಡರಿಂದ ಹತ್ತು ವರ್ಷದ ಮಗುವಿನಲ್ಲಿ ಮುರಿದ ಎಲುಬು ಕೂಡುವಾಗ ರಕ್ತಸಂಚಾರ ಹೆಚ್ಚಿ, ಆ ಕಾಲು ಸರಾಸರಿ ಒಂದು ಸೆಂಟಿಮೀಟರಿನಷ್ಟು ಹೆಚ್ಚಾಗಿಯೇ ಬೆಳೆಯುತ್ತದೆ. ಸ್ವಲ್ಪ ಗಿಡ್ಡ ಕೂಡಿದ್ದೂ ಸರಿಹೋಗುತ್ತದೆ, ಸ್ವಲ್ಪ ಸೊಟ್ಟ ಕೂಡಿದ್ದೂ ನೇರವಾಗುತ್ತದೆ. ಆದರೆ ತಿರುಚಿ ಕೂಡಿದ್ದು ಅಷ್ಟು ಸುಲಭವಾಗಿ ಸರಿಹೋಗದು.

ನಿಜವಾದ ತಿರುವು ಬಂದದ್ದು 1980ರ ಸುಮಾರಿಗೆ, ಫ್ರಾನ್ಸಿನ ನಾನ್ಸಿ ನಗರದ ಮಕ್ಕಳ ಶಸ್ತ್ರವೈದ್ಯರಿಂದ. ಮೊಣಕಾಲಿನ ಮೇಲೆ, ಬೆಳವಣಿಗೆಯ ಪಟ್ಟಿಯನ್ನು ಮುಟ್ಟದಂತೆ ಎರಡೂ ಬದಿಗೆ ಪುಟ್ಟ ಗಾಯ. ಬಿಲ್ಲಿನಂತೆ ಬಗ್ಗಿಸಿದ ಎರಡು ತೆಳು ಸರಳುಗಳು ಅಲ್ಲಿಂದ ಒಳಹೊಕ್ಕು, ಮುರಿದ ಜಾಗ ದಾಟಿ ಮೇಲೇರುತ್ತವೆ. ಒಂದು ಎಡಕ್ಕೆ ಒತ್ತಿದರೆ ಇನ್ನೊಂದು ಬಲಕ್ಕೆ ಒತ್ತುತ್ತದೆ, ಎಲುಬು ನಡುವೆ ನೆಟ್ಟಗೆ ನಿಲ್ಲುತ್ತದೆ. ಒಂದೊಂದು ಸರಳಿನ ದಪ್ಪ ಎಲುಬಿನ ಪೊಳ್ಳಿನ ಅತಿ ಕಿರಿದಾದ ಜಾಗದ ಶೇ 40ರಷ್ಟಿರಬೇಕು. ಮುರಿದ ಜಾಗವನ್ನು ತೆರೆಯದೆ, ಸಿ-ಆರ್ಮ್ ಎಕ್ಸರೇ ಪರದೆ ನೋಡುತ್ತಲೇ ಇದನ್ನೆಲ್ಲ ಮಾಡಬಹುದು. 1988ರಲ್ಲಿ ಅದೇ ನಾನ್ಸಿಯ ಲಿಜಿಯೆ ಮತ್ತು ಸಂಗಡಿಗರು 123 ತೊಡೆ ಮುರಿತಗಳ ಅನುಭವ ಪ್ರಕಟಿಸಿದ ಮೇಲೆ ವಿಧಾನ ಎಲ್ಲೆಡೆ ಹರಡಿತು. ಬಾಗುವ ಟೈಟಾನಿಯಂ ಸರಳುಗಳ ಈ ವಿಧಾನ ನಮ್ಮಲ್ಲಿ ‘ಟೆನ್ಸ್’ ಎಂದೇ ಪರಿಚಿತ. ಟೈಟಾನಿಯಂ ಬದಲು ಅಗ್ಗದ ಸ್ಟೀಲ್ ಸರಳೂ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಬಡವರ ಊರಿಗೆ ಇದು ಸಣ್ಣ ಮಾತಲ್ಲ.

ಹಾಗೆಂದು ಟೆನ್ಸ್ ಎಲ್ಲರಿಗೂ ಅಲ್ಲ. 2006ರ ಒಂದು ಅಧ್ಯಯನ 11 ವರ್ಷ ದಾಟಿದ, 49 ಕಿಲೋ ಮೀರಿದ ಮಕ್ಕಳಲ್ಲಿ ಫಲಿತಾಂಶ ಕೆಡುತ್ತದೆಂದು ತೋರಿಸಿತು. ಅಂಥವರಿಗೆ ಸೊಂಟದ ಹೊರಬದಿಯ ಉಬ್ಬಿನಿಂದ ತೂರಿಸುವ ಗಟ್ಟಿ ಸರಳು, ಇಲ್ಲವೇ ಸ್ನಾಯುವಿನಡಿ ಜಾರಿಸುವ ಪ್ಲೇಟ್. ಎಲುಬು ಪುಡಿಯಾಗಿದ್ದರೂ ಪ್ಲೇಟೇ ವಾಸಿ. ಗಾಯ ತೆರೆದು ಮಣ್ಣು ಹೊಕ್ಕಿದ್ದರೆ ಎಲುಬನ್ನು ಹೊರಗಿನಿಂದ ಹಿಡಿದಿಡುವ ಫಿಕ್ಸೇಟರ್ ಇದೆ. ಆರು ತಿಂಗಳಿಂದ ಐದು ವರ್ಷದವರೆಗಿನ ಬಹುತೇಕ ಮಕ್ಕಳಿಗೆ ಸೊಂಟದಿಂದ ಪಾದದವರೆಗಿನ ಸ್ಪೈಕಾ ಪ್ಲಾಸ್ಟರ್ ಸಾಕು. ಮೂರು ವರ್ಷದ ಮಗುವಿಗೂ ರಾಡ್ ಹಾಕಿ ಎಂದು ಒತ್ತಾಯಿಸುವ ಪಾಲಕರಿಗೆ ‘ಬೇಡ’ ಎನ್ನುವ ವೈದ್ಯರೇ ಬಲ್ಲವರು. ಮಣಿಪಾಲದ ಡಾ. ಬೆಂಜಮಿನ್ ಜೋಸೆಫ್ ಮತ್ತು ಸಹಲೇಖಕರ ಮಕ್ಕಳ ಮೂಳೆರೋಗದ ಗ್ರಂಥ ಬೆಳೆಸಿದ್ದೂ ಇಂಥ ವಿವೇಚನೆಯನ್ನೇ: ಯಾವ ಮಗುವಿಗೆ ಯಾವುದು, ಏಕೆ.

ಕುರುಗೋಡಿನಿಂದ ಬಳ್ಳಾರಿ ಸುಮಾರು 30 ಕಿ.ಮೀ. 1961ರಲ್ಲಿ ಸರ್ಕಾರಿ ಕಾಲೇಜಾಗಿ ಶುರುವಾಗಿ, ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ ಆಸ್ಪತ್ರೆ ಅಲ್ಲಿದೆ. ಆದರೂ ಎಷ್ಟೋ ಮಕ್ಕಳು ಅಲ್ಲಿಗೆ ಮುಟ್ಟುವ ಮೊದಲು ನಾಟಿ ಕಟ್ಟಿಗೋ ಆಂಧ್ರದ ಪುತ್ತೂರು ಕಟ್ಟಿಗೋ ಹೋಗುತ್ತಾರೆ. ಕಟ್ಟುವವರ ಕೈಗುಣವನ್ನು ನಾನು ಹಳಿಯುತ್ತಿಲ್ಲ. ಊದಿದ ತೊಡೆಗೆ ಬಿದಿರ ದಬ್ಬೆ ಬಿಗಿದರೆ ರಕ್ತ ನಿಂತು ಕಾಲೇ ಕಳೆದುಹೋಗಬಹುದು ಎಂಬುದು ನನ್ನ ಆತಂಕ.

ಆದ್ದರಿಂದ ಮಗು ಬಿದ್ದ ಗಳಿಗೆಯಲ್ಲಿ ಕಾಲನ್ನು ಎಳೆಯಬೇಡಿ, ತಿಕ್ಕಬೇಡಿ. ಹಲಗೆಗೋ ಇನ್ನೊಂದು ಕಾಲಿಗೋ ಸಡಿಲವಾಗಿ ಕಟ್ಟಿ, 108ಕ್ಕೆ ಕರೆ ಮಾಡಿ ನೇರ ಆಸ್ಪತ್ರೆಗೆ ಒಯ್ಯಿರಿ. ಸರಳು ಹಾಕಿಸಿದ್ದರೆ, ಮಗು ಓಡಾಡತೊಡಗಿತೆಂದು ಮರೆತು ಕೂರದೆ, ವೈದ್ಯರು ಹೇಳಿದ ದಿನಕ್ಕೆ ತೋರಿಸಿ, ಎಲುಬು ಪೂರ್ತಿ ಕೂಡಿದ ಮೇಲೆ ಅದನ್ನು ತೆಗೆಸಿಬಿಡಿ.