ಜೇಜುರಿ: ಕ್ಷೇತ್ರವೂ ಕ್ಷೇತ್ರರೇಖೆಯೂ

ಪುಣೆಯ ಆಗ್ನೇಯಕ್ಕೆ, ಕರ್ಹಾ ನದಿಯ ಸಮೀಪದಲ್ಲಿರುವ ಜೇಜುರಿಯ ಗುಡ್ಡವನ್ನೇರಿ, ದೀಪಮಾಲೆಗಳ ನಡುವೆ ತೂರಿದ ಭಂಡಾರದ ಅರಿಶಿನಪುಡಿಯು ಮೆಟ್ಟಿಲುಗಳ ಕಲ್ಲಿಗೂ ಭಕ್ತರ ತಲೆಗೂದಲಿಗೂ ಒಂದೇ ಹೊಂಬಣ್ಣವನ್ನು ಬಳಿದಿರುವುದನ್ನು ಕಂಡವರಿಗೆ, ಮರಾಠಿಗರ ಖಂಡೋಬನೂ ಕನ್ನಡಿಗರ ಮೈಲಾರಲಿಂಗನೂ ಒಬ್ಬನೇ ಎಂಬುದನ್ನು ಬೇರೆಯಾಗಿ ಹೇಳಬೇಕಾದುದಿಲ್ಲ. ದೇವರಿಗೆ ಮೀಸಲಾದ ಅಲ್ಲಿಯ ಭಕ್ತ ವಾಘ್ಯಾ ನಮ್ಮ ಗೊರವ. ಅಲ್ಲಿಯ ಜಯಘೋಷ ‘ಯೇಳಕೋಟ’ ನಮ್ಮ ‘ಏಳುಕೋಟಿ’. ಸೋಮವತಿ ಅಮಾವಾಸ್ಯೆಯಂದು ದೇವರ ಪಲ್ಲಕ್ಕಿಯು ಗುಡ್ಡವನ್ನಿಳಿದು ಕರ್ಹೆಯಲ್ಲಿ ಮಿಂದು ಬರುತ್ತದೆ. ಈ ಪುಣ್ಯಕ್ಷೇತ್ರದ ಎಲ್ಲೆ ಹೀಗೆ ಜನರ ನಡಿಗೆಯಿಂದಲೇ ಮೂಡಿದುದು.

ಪ್ರಜಾಪ್ರಭುತ್ವವು ಅದೇ ‘ಕ್ಷೇತ್ರ’ ಶಬ್ದಕ್ಕೆ ಚುನಾವಣಾ ಕ್ಷೇತ್ರವೆಂಬ ಮತ್ತೊಂದು ಅರ್ಥವನ್ನು ಕೊಟ್ಟಿತು. ಈ ಎರಡನೆಯ ಕ್ಷೇತ್ರದ ಎಲ್ಲೆಯಾದರೋ ಲೇಖನಿಯಿಂದ ಮೂಡತಕ್ಕದ್ದು. ಆ ಲೇಖನಿ ಸ್ಪರ್ಧಿಸುವವರ ಕೈಗೇ ಸಿಕ್ಕರೆ ಏನಾಗುವುದೆಂಬುದನ್ನು ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನವು 1812ರಲ್ಲಿ ತೋರಿಸಿತು. ಗವರ್ನರ್ ಎಲ್‌ಬ್ರಿಜ್ ಗೆರಿಯವರು ಅಂಕಿತ ಹಾಕಿದ ಕಾನೂನಿನಂತೆ ಎಸೆಕ್ಸ್ ಪ್ರಾಂತದಲ್ಲಿ ರಚಿತವಾದ ಕ್ಷೇತ್ರವೊಂದು ಎಷ್ಟು ವಕ್ರವಾಗಿತ್ತೆಂದರೆ, ಪತ್ರಿಕೆಯ ಚಿತ್ರಕಾರನು ಅದಕ್ಕೆ ರೆಕ್ಕೆ-ಉಗುರುಗಳನ್ನು ತೊಡಿಸಿದೊಡನೆ ಅದು ಹಲ್ಲಿಯಾಕಾರದ ಸ್ಯಾಲಮ್ಯಾಂಡರ್ ಪ್ರಾಣಿಯೇ ಆಯಿತು. ಗೆರಿಯ ಹೆಸರು ಅದರೊಡನೆ ಬೆಸೆದು ‘ಗೆರಿಮ್ಯಾಂಡರ್’ ಎಂಬ ಪದ ಹುಟ್ಟಿತು. ಎದುರಾಳಿಯ ಮತದಾರರನ್ನು ಕೆಲವೇ ಕ್ಷೇತ್ರಗಳಲ್ಲಿ ಒತ್ತಿ ತುಂಬಿ, ಉಳಿದವರನ್ನು ಎಲ್ಲಿಯೂ ಬಹುಮತ ಬಾರದಂತೆ ಚದುರಿಸುವುದೇ ಅದರ ತಂತ್ರ. ಆ ವರ್ಷ ಕಡಿಮೆ ಮತ ಪಡೆದ ಗೆರಿಯ ಪಕ್ಷವೇ 40 ಸೆನೆಟ್ ಸ್ಥಾನಗಳಲ್ಲಿ 29ನ್ನು ಗೆದ್ದುಕೊಂಡಿತು.

ಭಾರತವು 1952ರಿಂದಲೇ ಆ ಲೇಖನಿಯನ್ನು ಕ್ಷೇತ್ರ ಪುನರ್ವಿಂಗಡಣಾ ಆಯೋಗದ ಕೈಗೆ ಒಪ್ಪಿಸಿತು. 2002ರ ಅಧಿನಿಯಮದಂತೆ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಆಯೋಗದಲ್ಲಿ ಸಂಸದರೂ ಶಾಸಕರೂ ಸಹಸದಸ್ಯರಾಗಿ ಕುಳಿತರೂ ಅವರಿಗೆ ಮತಾಧಿಕಾರವಿರಲಿಲ್ಲ. ಕ್ಷೇತ್ರವು ಆದಷ್ಟು ಒತ್ತಾಗಿ ಕೂಡಿದ ಭೂಭಾಗವಾಗಿರಬೇಕು, ಗುಡ್ಡ-ಹೊಳೆ, ಆಡಳಿತದ ಗಡಿ, ಸಂಚಾರಸೌಕರ್ಯಗಳನ್ನು ಗಮನಿಸಬೇಕು ಎಂಬುದು ವಿಧಿ. ಆ ಹೊಸ ರೇಖೆಗಳಂತೆ ಮೊತ್ತಮೊದಲು ಚುನಾವಣೆ ನಡೆದುದು 2008ರ ಮೇ ತಿಂಗಳಲ್ಲಿ, ನಮ್ಮ ಕರ್ನಾಟಕದಲ್ಲಿಯೇ. ಅದೇ ವಿಂಗಡಣೆಯಲ್ಲಿ, ಪುರಂದರ ವಿಧಾನಸಭಾ ಕ್ಷೇತ್ರದ ಮೂಲಕ ಜೇಜುರಿಯನ್ನು ಒಳಗೊಂಡ ಬಾರಾಮತಿ ಲೋಕಸಭಾ ಕ್ಷೇತ್ರದೊಳಗೆ, ಭೋರದ ಸಹ್ಯಾದ್ರಿಯ ಕಣಿವೆಗಳೂ ಇಂದಾಪುರದ ಕಬ್ಬಿನ ಬಯಲೂ ಪುಣೆಯ ಅಂಚಿನ ಖಡಕವಾಸ್ಲಾವೂ ಒಟ್ಟುಗೂಡಿದವು. ನಿಷ್ಪಕ್ಷಪಾತವಾದ ಕೈಯೂ ಬೇರೆಬೇರೆ ಬದುಕುಗಳನ್ನು ಒಂದೇ ಗೆರೆಯಲ್ಲಿ ಕಟ್ಟಬೇಕಾಗುವುದು. ಆದುದರಿಂದ ಆ ಕೈಯನ್ನು ಜನರು ನೋಡುತ್ತಿರಬೇಕು.

ಆಯೋಗದ ಅಂತಿಮ ಆದೇಶಕ್ಕೆ ಕಾನೂನಿನ ಬಲವಿದೆ; ಮಾತನಾಡತಕ್ಕ ಕಾಲವು ಕರಡು ಪ್ರಕಟವಾಗಿ, ಆಕ್ಷೇಪಣೆಗಳನ್ನು ಕರೆದು, ಬಹಿರಂಗ ಸಭೆಗಳು ನಡೆಯುವಾಗಲೇ. ಮುಂದಿನ ಕರಡು ಬಂದಾಗ ಓದುಗರು ತಮ್ಮ ತಾಲ್ಲೂಕಿನ ನಕ್ಷೆಯನ್ನು ಹಿಡಿದು ಆ ಸಭೆಗೆ ಹೋಗಲಿ. ತಮ್ಮ ಸಂತೆ, ಆಸ್ಪತ್ರೆ, ಜಾತ್ರೆಗಳ ದಾರಿ ಯಾವ ಕಡೆಗಿದೆಯೆಂಬುದನ್ನು ತಾವೇ ನಿಂತು ತಿಳಿಸಲಿ.