ದವಡೆಯ ಮೂಳೆಗಂಟು: ಭಯ ಬೇಡ, ಎಚ್ಚರವಿರಲಿ

ಅಂಗುಳದ ನಡುವೆ ಅಥವಾ ಕೆಳದವಡೆಯ ಒಳಬದಿಯಲ್ಲಿ ಕಲ್ಲಿನಷ್ಟು ಗಟ್ಟಿಯಾದ ಗಂಟೊಂದು ನಾಲಿಗೆಗೆ ತಗುಲಿದರೆ ಮೊದಲು ಕಾಡುವುದು ಕ್ಯಾನ್ಸರ್ ಭೀತಿ. ಆದರೆ ಇಂತಹ ಗಂಟುಗಳಲ್ಲಿ ಬಹುತೇಕವು ದವಡೆಯ ಮೂಳೆಯೇ ಹೆಚ್ಚುವರಿಯಾಗಿ ಬೆಳೆದು ಉಂಟಾದ ಉಬ್ಬುಗಳು. ವೈದ್ಯರು ಇವನ್ನು 'ಟೋರಸ್' ಎನ್ನುತ್ತಾರೆ. ಇವು ಕ್ಯಾನ್ಸರ್ ಆಗಿ ಮಾರ್ಪಡುವುದಿಲ್ಲ.

ವಿಧಗಳು

ಅಂಗುಳದ ಮಧ್ಯರೇಖೆಯಲ್ಲಿ ಮೂಡುವುದು 'ಟೋರಸ್ ಪ್ಯಾಲಟೈನಸ್'. ಇದು ಮಹಿಳೆಯರಲ್ಲಿ ಹೆಚ್ಚು. ಕೆಳದವಡೆಯಲ್ಲಿ ನಾಲಿಗೆಯ ಕಡೆಗೆ, ಕೋರೆಹಲ್ಲಿನ ಹಿಂದಿನ ಹಲ್ಲುಗಳ ಬಳಿ ಬೆಳೆಯುವುದು 'ಟೋರಸ್ ಮ್ಯಾಂಡಿಬ್ಯುಲಾರಿಸ್'. ಇದು ಸಾಮಾನ್ಯವಾಗಿ ಎರಡೂ ಬದಿಗಳಲ್ಲಿ ಕಾಣಿಸಿಕೊಳ್ಳುತ್ತದೆ. ಎರಡೂ ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತವೆ, ನೋವಿರುವುದಿಲ್ಲ. ಆನುವಂಶಿಕತೆ ಹಾಗೂ ಹಲ್ಲು ಕಡಿಯುವ ಅಭ್ಯಾಸದಿಂದ ದವಡೆಯ ಮೇಲೆ ಬೀಳುವ ಒತ್ತಡ ಇದಕ್ಕೆ ಕಾರಣವೆಂದು ಭಾವಿಸಲಾಗಿದೆ.

ಚಿಕಿತ್ಸೆ ಯಾವಾಗ?

ತೊಂದರೆ ಇಲ್ಲದಿದ್ದರೆ ಚಿಕಿತ್ಸೆಯೂ ಬೇಕಿಲ್ಲ. ಕೃತಕ ದಂತಪಂಕ್ತಿ ಕೂರಿಸಲು ಅಡ್ಡಿಯಾದರೆ, ಆಹಾರ ತಗುಲಿ ಪದೇ ಪದೇ ಗಾಯವಾಗುತ್ತಿದ್ದರೆ ಅಥವಾ ಮಾತಿಗೆ ತೊಡಕಾದರೆ ಶಸ್ತ್ರಚಿಕಿತ್ಸೆ ಮಾಡಲಾಗುತ್ತದೆ. ಸಾಮಾನ್ಯವಾಗಿ ಆ ಭಾಗಕ್ಕಷ್ಟೇ ಅರಿವಳಿಕೆ ನೀಡಿ, ಮೇಲ್ಪದರವನ್ನು ಬಿಡಿಸಿ, ಹೆಚ್ಚುವರಿ ಮೂಳೆಯನ್ನು ಕತ್ತರಿಸಿ ನಯಗೊಳಿಸಿ ಹೊಲಿಗೆ ಹಾಕುತ್ತಾರೆ. ಮೂಳೆಸವೆತಕ್ಕೆ ಬಿಸ್ಫಾಸ್ಫೊನೇಟ್ ವರ್ಗದ ಔಷಧ ಸೇವಿಸುತ್ತಿರುವವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಇಂಥವರಲ್ಲಿ ಶಸ್ತ್ರಚಿಕಿತ್ಸೆಯ ನಂತರ ಗಾಯ ಮಾಯದೆ ದವಡೆಯ ಮೂಳೆ ಸಾಯುವ ಅಪಾಯವುಂಟು.

ನಿರ್ಲಕ್ಷಿಸಬಾರದ ಲಕ್ಷಣಗಳು

ಗಂಟು ಬೇಗನೆ ದೊಡ್ಡದಾಗುವುದು, ಒಂದೇ ಬದಿಯಲ್ಲಿ ಹೊಸದಾಗಿ ಮೂಡುವುದು, ಮೆತ್ತಗಿರುವುದು, ರಕ್ತ ಒಸರುವುದು, ಹಲ್ಲು ಅಲುಗಾಡುವುದು, ತುಟಿ ಮರಗಟ್ಟುವುದು ಟೋರಸ್‌ನ ಲಕ್ಷಣಗಳಲ್ಲ. ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ಅದರಲ್ಲೂ ತಂಬಾಕು, ಗುಟ್ಕಾ, ಅಡಿಕೆ ಜಗಿಯುವವರು ತಡಮಾಡದೆ ದಂತವೈದ್ಯರನ್ನು ಕಾಣಬೇಕು.

ದವಡೆ ಹಾಗೂ ತಲೆಬುರುಡೆಯ ಹಲವೆಡೆ 'ಆಸ್ಟಿಯೋಮಾ' ಎಂಬ ಮೂಳೆಗಡ್ಡೆಗಳಿದ್ದರೆ ಇನ್ನೂ ಹೆಚ್ಚಿನ ಎಚ್ಚರ ಅಗತ್ಯ. ಅದು 'ಗಾರ್ಡ್‌ನರ್ ಸಿಂಡ್ರೋಮ್' ಎಂಬ ಆನುವಂಶಿಕ ಕಾಯಿಲೆಯ ಸೂಚನೆಯಾಗಿರಬಹುದು. ಈ ಕಾಯಿಲೆಯಲ್ಲಿ ದೊಡ್ಡ ಕರುಳಿನಲ್ಲಿ ಅಸಂಖ್ಯ ಪಾಲಿಪ್‌ಗಳು ಬೆಳೆಯುತ್ತವೆ. ಚಿಕಿತ್ಸೆಯಾಗದಿದ್ದರೆ ಅವು ಕ್ಯಾನ್ಸರ್‌ಗೆ ತಿರುಗುವುದು ಬಹುತೇಕ ನಿಶ್ಚಿತ. ಹೀಗಾಗಿ ಕರುಳಿನ ಪರೀಕ್ಷೆಯನ್ನೂ ಮಾಡಿಸಬೇಕಾಗುತ್ತದೆ.

ಸಾಮಾನ್ಯ ಟೋರಸ್ ಅನ್ನು ಅನುಭವಿ ದಂತವೈದ್ಯರು ನೋಡಿ, ಮುಟ್ಟಿಯೇ ಗುರುತಿಸಬಲ್ಲರು. ಸಂಶಯವಿದ್ದಾಗ ಮಾತ್ರ ಎಕ್ಸ್‌ರೇ ಅಥವಾ ಸ್ಕ್ಯಾನ್ ಬೇಕಾಗುತ್ತದೆ. ಆದ್ದರಿಂದ ಗಂಟು ಕಂಡವರು ಭಯದಲ್ಲಿ ದಿನ ದೂಡುವ ಬದಲು ಒಮ್ಮೆ ತೋರಿಸಿಕೊಳ್ಳುವುದೇ ಲೇಸು.