ಕಾಲಿನ್‌ವುಡ್‌ನ ಹಣೆಬರಹ

ಸಬ್‌ಟೈಟಲ್ ಅನುವಾದದಲ್ಲಿ ನನ್ನನ್ನು ಹೆಚ್ಚು ಕಾಡುವುದು ಸಣ್ಣ ಪದಗಳೇ. ಇತ್ತೀಚೆಗೆ ಒಂದು ದೆವ್ವದ ಧಾರಾವಾಹಿಗೆ ಕನ್ನಡ ಸಾಲು ಕೂರಿಸುವಾಗ ‘ಫೇಟ್’ ಎಂಬ ಪದ ಮತ್ತೆ ಮತ್ತೆ ಬಂತು. ನನಗೆ ಕೊಟ್ಟಿದ್ದ ಪದಪಟ್ಟಿಯ ಪ್ರಕಾರ ಎಲ್ಲ ಕಡೆಗೂ ‘ವಿಧಿ’. ನನಗೋ ಕೆಲವು ಕಡೆ ‘ಹಣೆಬರಹ’ ಬೇಕಿತ್ತು. ಎರಡೂ ಒಂದೇ ಅಲ್ಲ. ವಿಧಿ ಆಜ್ಞೆ, ಹಣೆಬರಹ ಬರವಣಿಗೆ. ಬರೆದದ್ದು ಎಂದ ಮೇಲೆ ಬರೆದವರು ಇರಬೇಕು, ಬರೆಯುವಾಗ ಕೈತಪ್ಪಿರಬಹುದು, ಓದುವವರು ತಕರಾರು ತೆಗೆಯಬಹುದು.

ಹಾಗೆ ತಕರಾರು ತೆಗೆದ ಪ್ರೇಕ್ಷಕರು ಅಮೆರಿಕದಲ್ಲಿದ್ದರು. 1966ರ ಜೂನ್ 27ರಂದು ಎಬಿಸಿ ವಾಹಿನಿಯಲ್ಲಿ ‘ಡಾರ್ಕ್ ಶ್ಯಾಡೋಸ್’ ಶುರುವಾಯಿತು. ನಿರ್ಮಾಪಕ ಡ್ಯಾನ್ ಕರ್ಟಿಸ್. ಮೇನ್ ರಾಜ್ಯದ ಕಡಲತೀರದಲ್ಲಿ ಕಾಲಿನ್‌ವುಡ್ ಎಂಬ ದೊಡ್ಡ ಬಂಗಲೆ, ಅಲ್ಲಿಗೆ ಮಗುವಿನ ಪಾಠ ನೋಡಿಕೊಳ್ಳಲು ಬರುವ ಅನಾಥ ಹುಡುಗಿ ವಿಕ್ಟೋರಿಯಾ ವಿಂಟರ್ಸ್. ವಾರಕ್ಕೆ ಐದು ದಿನ, ಅರ್ಧ ಗಂಟೆ, ಮಧ್ಯಾಹ್ನದ ಹೊತ್ತು. ಮೊದಮೊದಲು ನೋಡುವವರು ಕಡಿಮೆ. ಕರ್ಟಿಸ್ ಕಥೆಗೆ ದೆವ್ವ ತಂದರು. 1967ರ ಏಪ್ರಿಲ್‌ನಲ್ಲಿ ಶವಪೆಟ್ಟಿಗೆಯಿಂದ ಬಾರ್ನಬಸ್ ಕಾಲಿನ್ಸ್ ಎಂಬ ವ್ಯಾಂಪೈರ್ ಎದ್ದು ಬಂದ.

ಬಾರ್ನಬಸ್‌ನ ಹಣೆಯಲ್ಲಿ ಬರೆದಿದ್ದದ್ದು ಇಷ್ಟೇ: ಸ್ವಲ್ಪ ಕಾಲ ಹೆದರಿಸುವುದು, ಆಮೇಲೆ ಎದೆಗೆ ಗೂಟ ಬಡಿಸಿಕೊಂಡು ಸಾಯುವುದು. ಆದರೆ ಆ ಪಾತ್ರ ಮಾಡಿದ ಜೊನಾಥನ್ ಫ್ರಿಡ್ ಹೆಸರಿಗೆ ರಾಶಿ ರಾಶಿ ಪತ್ರಗಳು ಬರತೊಡಗಿದವು. ಶಾಲೆ ಬಿಟ್ಟ ಮಕ್ಕಳು ಟಿವಿ ಮುಂದೆ ಕೂರಲು ಮನೆಗೆ ಓಡುತ್ತಿದ್ದರು. ಗೂಟ ಬಡಿಯುವುದು ಮುಂದೆ ಹೋಯಿತು, ಕೊನೆಗೆ ಅದರ ಮಾತೇ ನಿಂತುಹೋಯಿತು.

ಆಗ ಇನ್ನೊಂದು ತಾಪತ್ರಯ. ಇಷ್ಟವಾದವನು ಇಷ್ಟು ಕೆಟ್ಟವನಾದದ್ದು ಹೇಗೆ ಎಂದು ತೋರಿಸಬೇಕಲ್ಲ? 1967ರ ನವೆಂಬರ್‌ನಲ್ಲಿ, ಸತ್ತವರ ಆತ್ಮವನ್ನು ಕರೆಯುವ ಒಂದು ಬೈಠಕ್ಕಿನ ನಡುವೆ, ವಿಕ್ಟೋರಿಯಾ ಮಾಯವಾಗಿ 1795ಕ್ಕೆ ಹೋಗಿ ಬಿದ್ದಳು. ಧಾರಾವಾಹಿ ತಿಂಗಳುಗಟ್ಟಲೆ ಅಲ್ಲೇ ಉಳಿಯಿತು. ಮೊದಲ ಕಂತುಗಳಲ್ಲಿ ಈ ಹಳೆಯ ಕಥೆಯೆಲ್ಲ ನಡೆದದ್ದು 1830ರ ದಶಕದಲ್ಲಿ ಎಂದಿತ್ತು. ಈಗ ಅದನ್ನು ನಾಲ್ಕು ದಶಕ ಹಿಂದಕ್ಕೆ ತಳ್ಳಿದರು. ಕಥೆಯೊಳಗೆ ಹಿಂದಿನದು ಇಂದಿನದನ್ನು ನಿರ್ಧರಿಸುತ್ತಿತ್ತು. ಸ್ಟುಡಿಯೋದಲ್ಲಿ ಇಂದಿನ ಪತ್ರಗಳು ಹಿಂದಿನದನ್ನು ನಿರ್ಧರಿಸುತ್ತಿದ್ದವು.

ವಿಕ್ಟೋರಿಯಾ ಜೊತೆ ಕಾಲಿನ್ಸ್ ಮನೆತನದ ಚರಿತ್ರೆಯ ಪುಸ್ತಕವೂ 1795ಕ್ಕೆ ಹೋಗಿತ್ತು. ಯಾರು ಯಾವಾಗ ಸಾಯುತ್ತಾರೆ ಎಂಬುದು ಅವಳಿಗೆ ಗೊತ್ತು. ಪುಟ್ಟ ಸಾರಾ ಸಾಯುತ್ತಾಳೆಂದು ಗೊತ್ತು, ಜೋಸೆಟ್ ಬಂಡೆಯ ಮೇಲಿಂದ ಕಡಲಿಗೆ ಹಾರುತ್ತಾಳೆಂದು ಗೊತ್ತು. ಎಚ್ಚರಿಸಿದಳು. ಸಾರಾ ಸತ್ತಳು, ಜೋಸೆಟ್ ಹಾರಿದಳು. ಮುಂದಾಗುವುದನ್ನು ಹೇಳುತ್ತಾಳೆಂಬ ಕಾರಣಕ್ಕೇ ವಿಕ್ಟೋರಿಯಾ ಮಾಟಗಾತಿ ಎನಿಸಿಕೊಂಡು ಗಲ್ಲುಗಂಬ ಹತ್ತಿದಳು. ಕುಣಿಕೆ ಬಿಗಿಯುವ ಕ್ಷಣಕ್ಕೆ 1968ಕ್ಕೆ ಮರಳಿದಳು.

ಇದರಲ್ಲಿ ನನಗೆ ಹಿಡಿಸಿದ್ದು ಬೇರೆ ಒಂದು ಎಳೆ. ಬಾರ್ನಬಸ್ ಇಂಗ್ಲೆಂಡಿಗೆ ಹೋದ ಎಂಬುದು ಮನೆತನದವರು ನಂಬಿಕೊಂಡು ಬಂದ ಚರಿತ್ರೆ. ಅದು ಸುಳ್ಳು, ಮನೆಯ ಮಾನ ಉಳಿಸಲು ಅವನ ತಂದೆ ಜೋಶುವಾ ಹುಟ್ಟಿಸಿದ ಮಾತು. ಸಾವು ತಪ್ಪಲಿಲ್ಲ ನಿಜ, ಆದರೆ ಬರೆದಿಟ್ಟದ್ದೆಲ್ಲ ನಡೆದದ್ದೂ ಅಲ್ಲ.

1969ರಲ್ಲಿ ನಿಯಮವೇ ಬದಲಾಯಿತು. ಕ್ವೆಂಟಿನ್ ಎಂಬವನ ಪ್ರೇತ ಡೇವಿಡ್ ಎಂಬ ಹುಡುಗನನ್ನು ಹಿಡಿಯುತ್ತದೆ. ಅವನನ್ನು ಉಳಿಸಲು ಬಾರ್ನಬಸ್ ‘ಐ ಚಿಂಗ್’ ಕಡ್ಡಿಗಳನ್ನು ಮುಂದಿಟ್ಟು ಧ್ಯಾನಿಸಿ 1897ಕ್ಕೆ ಹೋಗುತ್ತಾನೆ. ಈ ಸಲ ಸಾವು ತಪ್ಪುತ್ತದೆ. ಕ್ವೆಂಟಿನ್ ಸಾಯಬೇಕಾದ ದಿನ ಸಾಯುವುದಿಲ್ಲ, ಡೇವಿಡ್ ಉಳಿಯುತ್ತಾನೆ. ಆದರೆ ಪ್ರೇತ ಕಾಡಿದ ನೆನಪು ಮಾತ್ರ ಮನೆಯವರಿಗೆ ಹಾಗೇ ಇರುತ್ತದೆ. ಅಭಿಮಾನಿಗಳ ಜಗಳ ಇಲ್ಲಿಂದಲೇ: ಸಾಯದವನಿಗೆ ಪ್ರೇತ ಎಲ್ಲಿಯದು? ಪ್ರೇತವೇ ಇಲ್ಲದ ಮೇಲೆ ಬಾರ್ನಬಸ್ ಹೋದದ್ದೇಕೆ?

ಮಾರನೆಯ ವರ್ಷ ಇನ್ನೂ ಗೋಜಲು. ಬಾರ್ನಬಸ್ ಮತ್ತು ಡಾಕ್ಟರ್ ಜೂಲಿಯಾ ಹಾಫ್‌ಮನ್ 1995ಕ್ಕೆ ಹೋಗಿ ಪಾಳುಬಿದ್ದ ಕಾಲಿನ್‌ವುಡ್ ನೋಡುತ್ತಾರೆ. ಅನಾಹುತಕ್ಕೆ ಮುಂಚೆ ಏನೇನು ನಡೆಯಿತು ಎಂಬ ಸುಳಿವುಗಳ ಪಟ್ಟಿಯೊಂದಿಗೆ 1970ಕ್ಕೆ ಮರಳುತ್ತಾರೆ. ಸುಳಿವುಗಳು ಒಂದೊಂದಾಗಿ ಕಣ್ಣೆದುರೇ ನಿಜವಾಗುತ್ತವೆ. ಮನೆ ಹಾಳಾಗುವುದನ್ನು ತಡೆಯಲಾಗುವುದಿಲ್ಲ. 1840ಕ್ಕೆ ಹೋಗಿ ಮೂಲವನ್ನೇ ಸರಿಪಡಿಸಿ ಬಂದ ಮೇಲಷ್ಟೇ ಮನೆ ನೆಟ್ಟಗೆ ನಿಂತಿರುತ್ತದೆ.

ಆ ಪಟ್ಟಿಯ ಕಂತುಗಳನ್ನು ನಾನು ಒಂದೇ ಬಾರಿಗೆ ನೋಡಲಾರದೆ ಹೋದೆ. ಅಪ್ಪ ಆಸ್ಪತ್ರೆ ಸೇರುವ ಹಿಂದಿನ ವಾರ ಫೋನಿನಲ್ಲಿ “ಯಾಕೋ ಮೆಟ್ಟಿಲು ಹತ್ತೋಕಾಗ್ತಿಲ್ಲ ಕಣೆ” ಅಂದಿದ್ದರು. ಪುಣೆಯಲ್ಲಿ ಕೂತು “ರೆಸ್ಟ್ ತಗೊಳ್ಳಿ ಅಪ್ಪ” ಅಂದೆ. ಅದಕ್ಕೂ ಮುಂಚೆ ಊಟ ಕಡಿಮೆಯಾಗಿತ್ತು, ಬೆಳಗಿನ ವಾಕಿಂಗ್ ನಿಂತಿತ್ತು. ಪಟ್ಟಿ ಪೂರ್ತಿ ನನ್ನ ಬಳಿಯೇ ಇತ್ತು. ಅದು ಪಟ್ಟಿ ಎಂದು ಗೊತ್ತಾದದ್ದು ಆಮೇಲೆ. ಊರು ಬಿಟ್ಟು ಬಂದ ನಿಮ್ಮಲ್ಲೂ ಹಲವರ ಬಳಿ ಇಂಥ ಒಂದು ಪಟ್ಟಿ ಇರಬಹುದು. ಕ್ವೆಂಟಿನ್‌ಗೆ ಪ್ರೇತ ಎಲ್ಲಿಂದ ಬಂತು ಎಂದು ದೊಡ್ಡವರು ವಾದಿಸುವುದು ನೋಡಿ ಈಗ ನನಗೆ ನಗು ಬರುವುದಿಲ್ಲ. ಅವರು ಕೇಳುತ್ತಿರುವುದು, ಮೊದಲೇ ತಿಳಿದಿದ್ದರೆ ಉಳಿಸಬಹುದಿತ್ತೇ ಎಂದು.

1971ರ ಏಪ್ರಿಲ್ 2ರಂದು, 1225 ಕಂತುಗಳ ನಂತರ, ಧಾರಾವಾಹಿ ನಿಂತಿತು. ಕೊನೆಯ ಕಂತಿನಲ್ಲಿ ಒಂದು ಹಿನ್ನೆಲೆ ದನಿ ಉಳಿದವರ ಮುಂದಿನ ಬಾಳನ್ನು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿತು. ಅದೂ ನಾವು ಅಷ್ಟು ವರ್ಷ ನೋಡಿದ ಮನೆಯವರದಲ್ಲ, ‘ಸಮಾನಾಂತರ ಕಾಲ’ದ 1841ರವರದು. ಬಾರ್ನಬಸ್ ಕೊನೆಗೆ ಏನಾದ ಎಂಬುದಕ್ಕೆ ಉತ್ತರ ಸಿಗಲಿಲ್ಲ. ಉತ್ತರ ಬರೆಯುವ ಕೆಲಸ ಅಭಿಮಾನಿಗಳ ಪಾಲಿಗೆ ಬಂತು. 1975ರಲ್ಲಿ ‘ದಿ ವರ್ಲ್ಡ್ ಆಫ್ ಡಾರ್ಕ್ ಶ್ಯಾಡೋಸ್’ ಎಂಬ ಅಭಿಮಾನಿ ಪತ್ರಿಕೆ ಹೊರಟಿತು; 1983ರಿಂದ ಅಭಿಮಾನಿಗಳ ಮೇಳ ಶುರುವಾಯಿತು.

ಆ ಕಾಲದ ಹಗಲಿನ ಧಾರಾವಾಹಿಗಳ ಟೇಪುಗಳನ್ನು ಅಳಿಸಿ ಮತ್ತೆ ಬಳಸುವುದು ರೂಢಿ. ಇದು ಮಾತ್ರ ಹೆಚ್ಚುಕಡಿಮೆ ಪೂರ್ತಿ ಉಳಿದಿದೆ. ಕಳೆದುಹೋದದ್ದು ಒಂದೇ ಕಂತು, 1219ನೆಯದು. ಮನೆಗಳಲ್ಲಿ ವಿಡಿಯೋ ರೆಕಾರ್ಡರ್ ಇಲ್ಲದ ಆ ದಿನಗಳಲ್ಲಿ ಅದರ ದನಿಯನ್ನು ಮನೆಯಲ್ಲೇ ಟೇಪು ಮಾಡಿಟ್ಟುಕೊಂಡವರಿದ್ದರು. ಆ ದನಿಗೆ ಸ್ಥಿರಚಿತ್ರಗಳನ್ನು ಜೋಡಿಸಿ ಕಂತನ್ನು ಮತ್ತೆ ಕಟ್ಟಿದರು. ಐ ಚಿಂಗ್ ಕಡ್ಡಿಗಳಿಂದ ಆಗದ ಕೆಲಸವನ್ನು ಒಂದು ಟೇಪ್ ರೆಕಾರ್ಡರ್ ಮಾಡಿತು.

ನನ್ನ ಸಬ್‌ಟೈಟಲ್‌ಗಳಲ್ಲಿ ಕೊನೆಗೆ ಪದಪಟ್ಟಿಯ ಮಾತೇ ನಡೆಯಿತು: ಎಲ್ಲ ಕಡೆ ‘ವಿಧಿ’. ಒಂದು ಸಾಲಿನಲ್ಲಿ ಮಾತ್ರ, ಮಗಳೊಬ್ಬಳು ತಾಯಿಗೆ ಹೇಳುವ ಕಡೆ, ‘ಹಣೆಬರಹ’ವನ್ನು ಹಾಗೇ ಬಿಟ್ಟು ಕಳಿಸಿದೆ. ಇನ್ನೂ ಯಾರೂ ತಿದ್ದಿಲ್ಲ.